ನಾಲ್ಕು ವರ್ಷದ ಹಿಂದಿನ ತಪ್ಪು ಈಗ ಬ್ಲೇಜರ್ ಜೇಬಿನಲ್ಲಿ ಸಿಕ್ಕಿದೆ. ಏನು ಮಾಡಲಿ?

ಬೆಣ್ಣೆದೋಸೆ_77 · ಭಾನುವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಬಹಳ ದಿನ ಆಯ್ತು, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾಲ್ಕು ವರ್ಷದ ಹಿಂದೆ ದಾವಣಗೆರೆಯಲ್ಲಿ ನನ್ನ ತಂಗಿಯ ಮದುವೆ ಆಯ್ತು. ಮುಯ್ಯಿ ಬರೆಯಲು ನಾನು ಕೂತಿದ್ದೆ. ಕವರ್ ಒಡೆದು ದುಡ್ಡು ಎಣಿಸಿ ಚೀಲಕ್ಕೆ ಹಾಕಲು ಪಕ್ಕದಲ್ಲಿ ಚಿಕ್ಕಪ್ಪನ ಮಗ. ನನಗಿಂತ ಆರು ವರ್ಷ ಚಿಕ್ಕವನು, ಆಗ ಡಿಪ್ಲೊಮಾ ಕೊನೇ ವರ್ಷ. ರಾತ್ರಿ ಎಲ್ಲಾ ಮುಗಿದ ಮೇಲೆ ಛತ್ರದ ರೂಮಿನಲ್ಲಿ ಚಾಪೆ ಹಾಸಿಕೊಂಡು ಲೆಕ್ಕಕ್ಕೆ ಕೂತಾಗ ಪುಸ್ತಕಕ್ಕೂ ಚೀಲಕ್ಕೂ 15,000 ರೂಪಾಯಿ ವ್ಯತ್ಯಾಸ ಬಂತು. ಮೂರು ಸಲ ಎಣಿಸಿದರೂ ಅಷ್ಟೇ. ಹುಡುಗನ ಮೇಲೆ ಅನುಮಾನ ಬಂತು. ಮಾತಿಗೆ ಮಾತು ಬೆಳೆಯಿತು. ಚಿಕ್ಕಪ್ಪನ ಮನೆಯವರು ಬೆಳಗ್ಗೆ ಬೀಗರ ಊಟಕ್ಕೂ ನಿಲ್ಲದೆ ಹರಿಹರಕ್ಕೆ ಹೊರಟುಹೋದರು. ಅಲ್ಲಿಂದ ಸಂಬಂಧ ಕೆಟ್ಟುಹೋಯ್ತು. ಹೋಗಿ ಬಂದು ಮಾಡುವುದೇ ಇಲ್ಲ. ಸಾವಿಗೆ ಮಾತ್ರ ಬರುತ್ತಾರೆ, ಹೂವು ಹಾಕಿ ಹೋಗುತ್ತಾರೆ.

ಹೋದ ವಾರ ಸ್ನೇಹಿತನ ಮದುವೆಗೆ ಅಂತ ಆ ಹಳೇ ಬ್ಲೇಜರ್ ತೆಗೆದೆ. ಗುಂಡಿ ಹಾಕಲು ಆಗಲಿಲ್ಲ, ಅದು ಬೇರೆ ಕಥೆ. ಒಳಜೇಬಿನಲ್ಲಿ ತಂಗಿಯ ಲಗ್ನಪತ್ರಿಕೆ ಇತ್ತು, ಎರಡು ಮಡಿಕೆ ಮಾಡಿದ್ದು. ಹಿಂದುಗಡೆ ನೀಲಿ ಪೆನ್ನಿನಲ್ಲಿ ‘ಮಂಟಪದ ಬಾಕಿ 15,000 ಮುಟ್ಟಿದೆ’ ಅಂತ ಬರೆದು ಡೆಕೋರೇಷನ್‌ನವನ ಸಹಿ. ಕೆಳಗೆ ನನ್ನದೇ ಅಕ್ಷರದಲ್ಲಿ ತಾರೀಖು.

ಆಗ ನೆನಪಾಯ್ತು. ಅವನಿಗೆ ಅದೇ ರಾತ್ರಿ ರಾಣೆಬೆನ್ನೂರಿನಲ್ಲಿ ಇನ್ನೊಂದು ಮದುವೆ ಇತ್ತು. ಗಾಡಿ ನಿಲ್ಲಿಸಿಕೊಂಡು ಬಾಕಿ ಕೇಳಿದ. ಚೀಲದಿಂದ ತೆಗೆದು ಕೊಟ್ಟದ್ದಾಯ್ತು, ಪುಸ್ತಕದಲ್ಲಿ ಬರೆಯುವುದು ಬಿಟ್ಟುಹೋಯ್ತು. ಎರಡು ರಾತ್ರಿಯಿಂದ ನಿದ್ದೆ ಇರಲಿಲ್ಲ.

ಅಮ್ಮನಿಗೆ ತೋರಿಸಿದೆ. “ಮುಗಿದ ಕಥೆ, ಈಗ ಯಾಕೆ ಕೆದಕ್ತೀಯ” ಅಂದರು. ಅಪ್ಪನಿಗೆ ಇನ್ನೂ ಹೇಳಿಲ್ಲ. ತಮ್ಮನ ನಂಬರ್ ಇದೆ. ವಾಟ್ಸಾಪ್‌ನಲ್ಲಿ ಒಂದು ಉದ್ದ ಮೆಸೇಜ್ ಬರೆದು ಇಟ್ಟುಕೊಂಡಿದ್ದೇನೆ, ಕಳಿಸುವ ಧೈರ್ಯ ಬರುತ್ತಿಲ್ಲ. ಕ್ಷಮೆ ಹೇಗೆ ಕೇಳಬೇಕು? ಕೇಳಬೇಕಾ?

ಖಾರಾಪುಡಿ · ಭಾನುವಾರ ರಾತ್ರಿ 11:34

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು, ಅಲ್ವಾ? ‘ಕೇಳಬೇಕಾ’ ಅಂತೆ. ಕೇಳಬೇಕು ಸ್ವಾಮಿ. ಮಲಗಿ ಎದ್ದು ನಾಳೆ ಬೆಳಗ್ಗೆ ಹರಿಹರದ ಬಸ್ ಹತ್ತಿ. ದಾವಣಗೆರೆಯಿಂದ ಅರ್ಧ ಗಂಟೆ ದಾರಿ.

ಮಲೆನಾಡ್_ಮಳೆ · ಸೋಮವಾರ ಬೆಳಗ್ಗೆ 6:50

ನಾನು ನಿಮ್ಮ ಅಮ್ಮನ ಕಡೆ. ನಮ್ಮ ಅಪ್ಪನ ಬಾಯಿಂದ ಒಂದು ದಿನವೂ ‘ತಪ್ಪಾಯ್ತು’ ಅನ್ನುವ ಮಾತು ಬಂದಿದ್ದಿಲ್ಲ. ಯಾರ ಹತ್ತಿರವಾದರೂ ಜಗಳ ಆಡಿದರೆ ನಾಲ್ಕು ದಿನ ಬಿಟ್ಟು ಒಂದು ಬಾಳೆಗೊನೆ ಹೊತ್ತುಕೊಂಡು ಅವರ ಮನೆಗೆ ಹೋಗುತ್ತಿದ್ದರು. “ತೋಟದ್ದು, ಜಾಸ್ತಿ ಬಂತು” ಅನ್ನುವರು. ಅವರು ಕಾಫಿ ಕೊಡುವರು. ಮುಗೀತು. ನಮ್ಮ ಕಡೆ ಕ್ಷಮೆ ಅಂದರೆ ಅದೇ. ನೀವೂ ಹಾಗೆ ಶುರು ಮಾಡಿ. ಹಬ್ಬಕ್ಕೆ ಕರೆಯಿರಿ, ಊಟಕ್ಕೆ ಹಾಕಿ. ಲಗ್ನಪತ್ರಿಕೆ ತೋರಿಸುವುದು, ಸಹಿ ತೋರಿಸುವುದು, ಇದೇನು ಕೋರ್ಟಾ?

ನಿವೃತ್ತ_ಮೇಷ್ಟ್ರು · ಸೋಮವಾರ ಬೆಳಗ್ಗೆ 8:15

ನಾನು 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನು. ಕೆಂಪು ಪೆನ್ನಿನ ಚಾಳಿ ಇನ್ನೂ ಹೋಗಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಬರಹ ಎರಡು ಸಲ ಓದಿದೆ. ‘ಬ್ಲೇಜರ್ ತೆಗೆದೆ’. ಯಾರು? ನೀವು. ‘ಅಮ್ಮನಿಗೆ ತೋರಿಸಿದೆ’. ನೀವು. ಇಲ್ಲೆಲ್ಲ ಕ್ರಿಯಾಪದದ ತುದಿಯಲ್ಲಿ ನೀವು ಸರಿಯಾಗಿಯೇ ಕೂತಿದ್ದೀರಿ. ಈಗ ಮಿಕ್ಕಿದ್ದು ನೋಡಿ. ‘ವ್ಯತ್ಯಾಸ ಬಂತು’, ‘ಅನುಮಾನ ಬಂತು’, ‘ಮಾತು ಬೆಳೆಯಿತು’, ‘ಸಂಬಂಧ ಕೆಟ್ಟುಹೋಯ್ತು’, ‘ಬರೆಯುವುದು ಬಿಟ್ಟುಹೋಯ್ತು’. ದುಡ್ಡು ಕೊಟ್ಟದ್ದು ಕೂಡ ‘ಕೊಟ್ಟೆ’ ಅಲ್ಲ, ‘ಕೊಟ್ಟದ್ದಾಯ್ತು’! ಎಲ್ಲವೂ ಮಳೆ ಬಂದ ಹಾಗೆ ತಾನಾಗಿ ಬಂದಿವೆ.

ಇದು ನಿಮ್ಮೊಬ್ಬರ ದೋಷ ಅಲ್ಲ. ನಮ್ಮ ಭಾಷೆಯಲ್ಲಿ ಈ ಸೌಕರ್ಯ ಇದೆ. ಕೈ ಜಾರಿ ಲೋಟ ಒಡೆದವನು ‘ಲೋಟ ಒಡೀತು’ ಅನ್ನುತ್ತಾನೆ. ಪೇಪರಿನವರು ತಪ್ಪು ಮಾಡಿದರೆ ‘ಕಣ್ತಪ್ಪಿನಿಂದ’ ಆಗಿರುತ್ತದೆ, ಯಾರ ಕಣ್ಣು ಅಂತ ಇರುವುದಿಲ್ಲ. ರಾಜಕಾರಣಿಗಳದ್ದು ಬಿಡಿ, ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’. ನೋವು ತಾನಾಗಿ ಆಗಿದೆ, ಅದೂ ಆಗಿದ್ದರೆ ಮಾತ್ರ. ‘ತಪ್ಪಾಯ್ತು’ ಅನ್ನುವುದರಲ್ಲೂ ಮಾಡಿದವನು ಇಲ್ಲ. ಹಿರಿಯರು ಅದನ್ನು ತಲೆ ತಗ್ಗಿಸಿ, ಕೈ ಮುಗಿದು ಹೇಳುತ್ತಿದ್ದರು, ಹಾಗಾಗಿ ‘ನಾನು’ ಅನ್ನುವುದು ಅವರ ಮೈಯಲ್ಲೇ ಇರುತ್ತಿತ್ತು. ಬರವಣಿಗೆಯಲ್ಲಿ ಮೈ ಇಲ್ಲ ನೋಡಿ.

ಒಂದೇ ಪ್ರಶ್ನೆ. ‘ಹುಡುಗನ ಮೇಲೆ ಅನುಮಾನ ಬಂತು’ ಅಂದಿರಿ. ಯಾರಿಗೆ ಬಂತು? ಮೊದಲು ಬಾಯಿಬಿಟ್ಟು ಹೇಳಿದವರು ಯಾರು?

ಸುಮ್ನೆ_ಓದುವವಳು · ಸೋಮವಾರ ಬೆಳಗ್ಗೆ 9:02

ನನ್ನದೂ ಒಂದು ಪ್ರಶ್ನೆ. ಆ 15,000 ಕೊನೆಗೆ ಯಾರು ತುಂಬಿಕೊಟ್ಟರು?

ಬೆಣ್ಣೆದೋಸೆ_77 · ಸೋಮವಾರ ರಾತ್ರಿ 10:05

ಬೆಳಗ್ಗೆಯೇ ಎರಡೂ ಪ್ರಶ್ನೆ ಓದಿದೆ. ಉತ್ತರ ಬರೆಯಲು ಇಷ್ಟು ಹೊತ್ತು ಬೇಕಾಯ್ತು.

ಮೇಷ್ಟ್ರೇ, ನಾನೇ ಹೇಳಿದ್ದು. ಲೆಕ್ಕ ಸರಿಹೋಗದಿದ್ದಾಗ ಎಲ್ಲರೂ ನನ್ನ ಮುಖ ನೋಡಿದರು. “ನಾನು ಊಟಕ್ಕೆ ಹೋದಾಗ ಚೀಲ ಇವನ ಹತ್ತಿರವೇ ಇತ್ತು” ಅಂದೆ. ಅಷ್ಟೇ ಮಾತು. ಅವನು ಕದ್ದ ಅಂತ ನಾನು ಹೇಳಲಿಲ್ಲ, ಆದರೆ ಹೇಳಿದ ಹಾಗೇ ಆಯ್ತು. ತಿದ್ದುತ್ತೇನೆ, ಹೇಳಿದ ಹಾಗೇ ಮಾಡಿದೆ. ರೂಮಿನಲ್ಲಿ ಒಂಬತ್ತು ಜನ ಇದ್ದರು. ಸೋದರಮಾವ ಅವನ ಪ್ಯಾಂಟಿನ ಜೇಬು ತೋರಿಸು ಅಂದರು. ಅವನು ಎರಡೂ ಜೇಬು ಹೊರಗೆ ಎಳೆದು ತೋರಿಸಿದ. ಒಂದು ಕರ್ಚೀಫು, ಒಂದು ಬಸ್ ಟಿಕೆಟ್ ಇತ್ತು. ಚಿಕ್ಕಪ್ಪ ಬಾಗಿಲ ಹತ್ತಿರ ನಿಂತಿದ್ದರು.

ದುಡ್ಡಿನ ವಿಷಯ. ಮದುವೆ ಆದ ಎಂಟನೇ ದಿನ ಚಿಕ್ಕಪ್ಪ ಒಬ್ಬರೇ ನಮ್ಮ ಮನೆಗೆ ಬಂದರು. ಕೂರಲಿಲ್ಲ. “ನನ್ನ ಮಗ ತಗೊಂಡಿಲ್ಲ. ಆದ್ರೂ ನಿಮ್ಮ ಲೆಕ್ಕ ಸರಿಹೋಗ್ಲಿ” ಅಂತ ಅಪ್ಪನ ಮುಂದೆ 15,000 ಇಟ್ಟು ಹೋದರು. ಅಪ್ಪ ತೆಗೆದುಕೊಂಡರು. ಇದನ್ನು ಮೊದಲೇ ಬರೆಯಬೇಕಿತ್ತು. ಬರೆದಿದ್ದೆ, ಅಳಿಸಿಬಿಟ್ಟೆ.

ಖಾರಾಪುಡಿ · ಸೋಮವಾರ ರಾತ್ರಿ 10:11

ನಿನ್ನೆ ಬಸ್ ಹತ್ತಿ ಅಂದಿದ್ದೆ. ಮಾತು ವಾಪಸ್ ತೆಗೆದುಕೊಂಡೆ. ಇದು ಬರಿಗೈಯಲ್ಲಿ ಹೋಗುವ ಕೆಲಸ ಅಲ್ಲ.

ಸುಮ್ನೆ_ಓದುವವಳು · ಸೋಮವಾರ ರಾತ್ರಿ 11:48

ಮಲೆನಾಡ್_ಮಳೆ ಅವರ ಬಾಳೆಗೊನೆಗೆ ಉತ್ತರ ಬರೆಯುತ್ತಿದ್ದೇನೆ.

ಹನ್ನೊಂದು ವರ್ಷದ ಹಿಂದೆ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಒಂದು ಟೆಂಡರ್‌ನ ರೇಟು ಹೊರಗಿನವರಿಗೆ ಗೊತ್ತಾಗಿಹೋಗಿತ್ತು. ಮ್ಯಾನೇಜರ್ ಇಡೀ ಸೆಕ್ಷನ್ ಎದುರಿಗೆ ನನ್ನ ಡ್ರಾಯರ್ ತೆಗೆಸಿದರು. ನನ್ನ ಊಟದ ಡಬ್ಬಿ, ಸ್ಯಾನಿಟರಿ ಪ್ಯಾಡ್, ಮಗನ ಶಾಲೆಯ ಫೀಸಿನ ರಸೀದಿ, ಎಲ್ಲಾ ಮೇಜಿನ ಮೇಲೆ. ಎರಡು ತಿಂಗಳ ನಂತರ ನಿಜ ಗೊತ್ತಾಯ್ತು. ಅವರದೇ ಪ್ರಿಂಟರ್ ಪಕ್ಕ ಬಿದ್ದಿದ್ದ ಕಾಪಿಯನ್ನು ಯಾರೋ ಫೋಟೊ ತೆಗೆದುಕೊಂಡಿದ್ದರು. ಅವತ್ತು ಸಂಜೆ ಮ್ಯಾನೇಜರ್ ನನ್ನ ಟೇಬಲ್ ಮೇಲೆ ಅರ್ಧ ಕೆಜಿ ಮೈಸೂರು ಪಾಕಿನ ಡಬ್ಬಿ ಇಟ್ಟರು. “ಮನೆಗೆ ತಗೊಂಡು ಹೋಗಮ್ಮಾ” ಅಂದರು. ಬೇರೇನೂ ಹೇಳಲಿಲ್ಲ. ಬೇರೆ ಯಾರಿಗೂ ಏನೂ ಹೇಳಲಿಲ್ಲ.

ಬಸ್‌ಸ್ಟಾಪಿನಲ್ಲಿ ಆ ಡಬ್ಬಿ ಬಿಟ್ಟು ಬಂದೆ. ನಾನು ಕೆಲಸ ಬಿಡುವವರೆಗೂ ಆ ಸೆಕ್ಷನ್‌ನಲ್ಲಿ ಅರ್ಧ ಜನಕ್ಕೆ ನಾನೇ ರೇಟು ಹೊರಗೆ ಹೇಳಿದವಳು.

ಬಾಳೆಗೊನೆ ಇಬ್ಬರಿಗೂ ತಪ್ಪು ಗೊತ್ತಿರುವ ಜಗಳಕ್ಕೆ ಸರಿ. ಬೇಲಿ ಜಗಳಕ್ಕೆ, ಮಾತಿನ ಜಗಳಕ್ಕೆ ಸರಿ. ಇಲ್ಲಿ ಆ ಹುಡುಗನಿಗೆ ಏನು ಗೊತ್ತಿದೆ? ತಾನು ಕದ್ದಿಲ್ಲ ಅನ್ನುವುದಷ್ಟೇ. ದುಡ್ಡು ಎಲ್ಲಿ ಹೋಯ್ತು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನೇ ನಂಬಿದರೋ ಇಲ್ಲವೋ ಅಂತ ಎಷ್ಟು ರಾತ್ರಿ ಯೋಚಿಸಿರುತ್ತಾನೆ! ಅವನಿಗೆ ಬೇಕಾಗಿರುವುದು ಊಟ ಅಲ್ಲ. ಆ ಲಗ್ನಪತ್ರಿಕೆ.

ಮಲೆನಾಡ್_ಮಳೆ · ಮಂಗಳವಾರ ಬೆಳಗ್ಗೆ 7:10

ಸುಮ್ನೆ ಓದುವವರೇ, ನೀವು ಹೇಳಿದ್ದು ಸರಿ. ಜೇಬು ಎಳೆದು ತೋರಿಸಿದ ಅಂತ ಓದಿದ ಮೇಲೆ ನನಗೂ ನಿದ್ದೆ ಬರಲಿಲ್ಲ. ನನ್ನ ಮಾತು ಬದಲಾಯಿಸುತ್ತೇನೆ.

ವ್ಯಾಂಕೂವರ್_ವಠಾರ · ಮಂಗಳವಾರ ಬೆಳಗ್ಗೆ 9:30

ಎಲ್ಲಿ ಕೇಳಬೇಕು ಅನ್ನುವುದರ ಬಗ್ಗೆ ನಮ್ಮೂರಿನ ಒಂದು ಕಥೆ ಹೇಳುತ್ತೇನೆ.

1914ರಲ್ಲಿ ಕೊಮಗಾಟ ಮಾರು ಅನ್ನುವ ಹಡಗು 376 ಜನರನ್ನು ಹೊತ್ತು ಇಲ್ಲಿ ಕೆನಡಾದ ವ್ಯಾಂಕೂವರ್ ಬಂದರಿಗೆ ಬಂತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಇಲ್ಲಿನ ಸರ್ಕಾರ ಎರಡು ತಿಂಗಳು ಅವರನ್ನು ಹಡಗಿನಲ್ಲೇ ಕೂರಿಸಿತು. ಕೆಲವರನ್ನು ಬಿಟ್ಟು ಮಿಕ್ಕ ಯಾರನ್ನೂ ಇಳಿಯಲು ಬಿಡದೆ ಜುಲೈ 23ರಂದು ವಾಪಸ್ ಅಟ್ಟಿತು. ಕಲ್ಕತ್ತದ ಹತ್ತಿರ ಬಜ್ ಬಜ್‌ನಲ್ಲಿ ಇಳಿದಾಗ ಬ್ರಿಟಿಷ್ ಪೊಲೀಸರ ಗುಂಡಿಗೆ ಹಲವರು ಸತ್ತರು.

2008ರ ಆಗಸ್ಟ್‌ನಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸರ್ರೆ ಊರಿನ ಪಾರ್ಕಿನಲ್ಲಿ ನಡೆದ ಒಂದು ಮೇಳಕ್ಕೆ ಬಂದು, ವೇದಿಕೆ ಮೇಲೆ ಕ್ಷಮೆ ಕೇಳಿ ಹೋದರು. ಸಿಖ್ ಸಂಘದವರು ಅಲ್ಲೇ ಎದ್ದು ನಿಂತು ‘ಇದು ನಮಗೆ ಒಪ್ಪಿಗೆ ಇಲ್ಲ, ಪಾರ್ಲಿಮೆಂಟಿನಲ್ಲಿ ಕೇಳಿ’ ಅಂದರು. ಹೊರಗಿನವರಿಗೆ ಇದು ಜಂಬ ಅನ್ನಿಸಬಹುದು. ಆದರೆ ಅವರ ಮಾತು ಸರಿ ಇತ್ತು. ಹಡಗು ತಡೆದದ್ದು ಪಾರ್ಕಿನಲ್ಲಿ ಮಾಡಿದ ಕಾನೂನು ಅಲ್ಲವಲ್ಲ. ಕೊನೆಗೆ 2016ರ ಮೇ 18ರಂದು ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ಪಾರ್ಲಿಮೆಂಟಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ನಿಂತು ಕೇಳಿದರು. ಹಡಗು ವಾಪಸ್ ಹೋಗಿ ಹತ್ತಿರ ಹತ್ತಿರ 102 ವರ್ಷ ಆಗಿತ್ತು. ಹಡಗಿನಲ್ಲಿ ಬಂದವರ ಮಕ್ಕಳು ಮೊಮ್ಮಕ್ಕಳು ಗ್ಯಾಲರಿಯಲ್ಲಿ ಕೂತು ಕೇಳಿಸಿಕೊಂಡರು.

ನೀವು ಆಡಿದ ಮಾತು ಒಂಬತ್ತು ಜನರ ಎದುರಿಗೆ. ವಾಟ್ಸಾಪ್‌ನಲ್ಲಿ ಕೇಳಿದರೆ ಅದು ಪಾರ್ಕಿನಲ್ಲಿ ಕೇಳಿದ ಹಾಗೆ.

ಇನ್ನೊಂದು ಮಾತು, ಇಲ್ಲಿ ನಮ್ಮ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2006ರಿಂದ ಕ್ಷಮೆಗೇ ಒಂದು ಕಾಯ್ದೆ ಇದೆ. ನೀನು ಸಾರಿ ಕೇಳಿದ್ದೀಯ ಅಂತ ಅದನ್ನೇ ತಪ್ಪಿಗೆ ಸಾಕ್ಷಿ ಮಾಡಿ ಕೋರ್ಟಿನಲ್ಲಿ ತರುವ ಹಾಗಿಲ್ಲ. ಡಾಕ್ಟರು ಧೈರ್ಯವಾಗಿ ರೋಗಿಯ ಮನೆಯವರ ಹತ್ತಿರ ಮಾತಾಡಲಿ ಅಂತ.

ಖಾರಾಪುಡಿ · ಮಂಗಳವಾರ ಬೆಳಗ್ಗೆ 9:41

ಕೆನಡಾದವರು ಬಾಗಿಲಿಗೆ ಡಿಕ್ಕಿ ಹೊಡೆದರೂ ಬಾಗಿಲಿಗೇ ಸಾರಿ ಹೇಳುವವರಂತೆ. ಅವರಿಗೂ ಕಾಯ್ದೆ ಬೇಕಾಯ್ತಾ!

ಸಾಗರದ_ವಕೀಲ · ಮಂಗಳವಾರ ಮಧ್ಯಾಹ್ನ 2:15

ಕೋರ್ಟಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 12ನೇ ಕಲಂ ಪ್ರಕಾರ, ಕೋರ್ಟಿಗೆ ತೃಪ್ತಿ ಆಗುವ ಹಾಗೆ ಕ್ಷಮೆ ಕೇಳಿದರೆ ಶಿಕ್ಷೆ ಬಿಡಬಹುದು. ‘ತೃಪ್ತಿ ಆಗುವ ಹಾಗೆ’ ಅನ್ನುವುದೇ ಮುಖ್ಯ. ಸಿಕ್ಕಿಬಿದ್ದ ಮೇಲೆ, ಜೈಲು ಹತ್ತಿರ ಬಂದ ಮೇಲೆ ಕೇಳುವ ಕ್ಷಮೆಯನ್ನು ಜಡ್ಜುಗಳು ತಕ್ಷಣ ಗುರುತಿಸುತ್ತಾರೆ. ನಮ್ಮಂಥವರು ಬರೆದುಕೊಡುವ ‘ಬೇಷರತ್ ಕ್ಷಮೆ’ಯ ನಮೂನೆ ಅವರಿಗೆ ಬಾಯಿಪಾಠ ಇರುತ್ತದೆ.

2024ರ ಏಪ್ರಿಲ್‌ನಲ್ಲಿ ಒಂದು ಜಾಹೀರಾತು ಕೇಸಿನಲ್ಲಿ ದೊಡ್ಡ ಕಂಪನಿಯೊಂದು ಪೇಪರುಗಳಲ್ಲಿ ಕ್ಷಮಾಪಣೆ ಹಾಕಿಸಿ ಬಂತು. ಸುಪ್ರೀಂ ಕೋರ್ಟ್ ಕೇಳಿದ್ದು ಒಂದೇ: ನೀವು ಹಾಕುತ್ತಿದ್ದ ಜಾಹೀರಾತಿನಷ್ಟೇ ದೊಡ್ಡದಾ ಈ ಕ್ಷಮಾಪಣೆ? ಆಮೇಲೆ ಇನ್ನೂ ದೊಡ್ಡದಾಗಿ ಹಾಕಿಸಬೇಕಾಯ್ತು. ಆರೋಪ ಎಷ್ಟು ದೊಡ್ಡ ಗಂಟಲಿನಲ್ಲಿ ಆಗಿತ್ತೋ ಕ್ಷಮೆಯೂ ಅಷ್ಟೇ ದೊಡ್ಡ ಗಂಟಲಿನಲ್ಲಿ ಆಗಬೇಕು ಅನ್ನುವುದು ನನ್ನ ಲೆಕ್ಕ.

ಕಾರ್ಕಳ_ಕಲ್ಲು · ಮಂಗಳವಾರ ರಾತ್ರಿ 8:20

ನಾವು ಜೈನರು. ಭಾದ್ರಪದದಲ್ಲಿ ಹತ್ತು ದಿನ ದಶಲಕ್ಷಣ ಪರ್ವ, ಮೊದಲ ದಿನವೇ ಉತ್ತಮ ಕ್ಷಮೆಯದ್ದು. ಮುಗಿದ ಮೇಲೆ ಕ್ಷಮಾವಣಿ. ಅವತ್ತು ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುತ್ತೇವೆ. ನಮ್ಮ ಇನ್ನೊಂದು ಪಂಗಡವಾದ ಶ್ವೇತಾಂಬರರಲ್ಲಿ ಅವರ ಪರ್ವದ ಕೊನೇ ದಿನವಾದ ಸಂವತ್ಸರಿಯಂದು ‘ಮಿಚ್ಛಾಮಿ ದುಕ್ಕಡಂ’ ಅನ್ನುತ್ತಾರೆ. ಪ್ರಾಕೃತದ ಮಾತು, ನಾನು ಮಾಡಿದ ಕೆಟ್ಟದ್ದು ಇಲ್ಲವಾಗಲಿ ಅಂತ. ಎಷ್ಟು ಚೆನ್ನಾದ ಪದ್ಧತಿ ಅಂತ ಎಲ್ಲರೂ ಹೊಗಳುತ್ತಾರೆ.

ಒಳಗಿನವನಾಗಿ ಒಂದು ಗುಟ್ಟು ಹೇಳುತ್ತೇನೆ. ಈಗ ಅವತ್ತು ನನ್ನ ಫೋನಿಗೆ ನೂರಾರು ಮೆಸೇಜ್ ಬರುತ್ತವೆ. ಕಮಲದ ಹೂವು, ಕೈ ಮುಗಿದ ಚಿತ್ರ, ‘ತಿಳಿದೋ ತಿಳಿಯದೆಯೋ’. ನಾನೂ ಎಲ್ಲರಿಗೂ ಕಳಿಸುತ್ತೇನೆ. ಜಾಗದ ವಿಷಯಕ್ಕೆ ಮಾತು ಬಿಟ್ಟ ನನ್ನ ಅಣ್ಣನಿಗೆ ಮಾತ್ರ ಕಳಿಸಿಲ್ಲ, ಆರು ವರ್ಷ ಆಯ್ತು. ಏನೂ ಮಾಡದ ಮುನ್ನೂರು ಜನರ ಹತ್ತಿರ ಕ್ಷಮೆ ಕೇಳುವುದು ಬಹಳ ಸುಲಭ.

‘ತಿಳಿದೋ ತಿಳಿಯದೆಯೋ’ ಮಾತ್ರ ಬರೆಯಬೇಡಿ ಮಾರಾಯ್ರೆ. ನಿಮಗೆ ತಿಳಿದಿದೆ.

ಗದಗಿನ_ಗಾಳಿ · ಮಂಗಳವಾರ ರಾತ್ರಿ 9:05

ನಮ್ಮ ಕಡೆ ದಸರಾದ ದಿನ ಬನ್ನಿ ಎಲೆ ಕೊಡುತ್ತೇವೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅಂತ. ಸಣ್ಣವರು ದೊಡ್ಡವರ ಕಾಲು ಮುಟ್ಟುತ್ತಾರೆ. ವರ್ಷಗಟ್ಟಲೆ ಮಾತು ಬಿಟ್ಟವರೂ ಅವತ್ತು ಬಾಗಿಲಿಗೆ ಬಂದರೆ ಹೊರಗೆ ಹಾಕುವ ಹಾಗಿಲ್ಲ. ನಮ್ಮ ಓಣಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಹೊಲದ ಬದುವಿನ ಸಲುವಾಗಿ ಕೋರ್ಟಿಗೆ ಹೋಗಿದ್ದರು. ಒಂದು ದಸರಾಕ್ಕೆ ಅಣ್ಣ ಬನ್ನಿ ಹಿಡಿದುಕೊಂಡು ತಮ್ಮನ ಕಟ್ಟೆಯ ಮುಂದೆ ನಿಂತ. ತಮ್ಮ ಎಲೆ ತಗೊಂಡ, ಮಾತಾಡಲಿಲ್ಲ. ಮುಂದಿನ ದಸರಾಕ್ಕೆ ತಮ್ಮ ಬಂದ. ಕೇಸು ಹಿಂದಕ್ಕೆ ತಗೊಳ್ಳಲು ಇನ್ನೊಂದು ವರ್ಷ ಹಿಡೀತು. ಅಂದರೆ ಒಂದೇ ದಿನಕ್ಕೆ ಎಲ್ಲಾ ಸರಿ ಆಗಬೇಕು ಅಂತ ಹೋಗಬೇಡಿ.

ನಿವೃತ್ತ_ಮೇಷ್ಟ್ರು · ಮಂಗಳವಾರ ರಾತ್ರಿ 9:50

ಬರೆದಿಟ್ಟ ಮೆಸೇಜಿನ ಬಗ್ಗೆ ಒಂದು ಮಾತು. ಬರೆಯುವುದೇ ತಪ್ಪಲ್ಲ. ಗಾಂಧೀಜಿ 15 ವರ್ಷದ ಹುಡುಗ ಆಗಿದ್ದಾಗ ಅಣ್ಣನ ಚಿನ್ನದ ಕಡಗದಿಂದ ಒಂದು ಚೂರು ಕತ್ತರಿಸಿ, ಆ ಅಣ್ಣನದೇ 25 ರೂಪಾಯಿ ಸಾಲ ತೀರಿಸಿದ್ದರು. ಮನಸ್ಸು ತಡೆಯಲಿಲ್ಲ, ಬಾಯಿ ಬರಲಿಲ್ಲ. ಒಂದು ಚೀಟಿಯಲ್ಲಿ ಎಲ್ಲಾ ಬರೆದು, ತಕ್ಕ ಶಿಕ್ಷೆ ಕೊಡಿ ಅಂತಲೂ ಬರೆದರು. ಆದರೆ ಚೀಟಿಯನ್ನು ಯಾರ ಕೈಯಲ್ಲೋ ಕಳಿಸಲಿಲ್ಲ, ದಿಂಬಿನ ಕೆಳಗೆ ಇಟ್ಟು ಓಡಲಿಲ್ಲ. ಕಾಯಿಲೆ ಬಿದ್ದಿದ್ದ ತಂದೆಯ ಕೈಯಲ್ಲೇ ಕೊಟ್ಟು ಎದುರಿಗೆ ಕೂತರು. ತಂದೆ ಎದ್ದು ಕೂತು ಓದಿದರು, ಕಣ್ಣೀರಿನಿಂದ ಕಾಗದ ಒದ್ದೆಯಾಯಿತು, ಹರಿದು ಹಾಕಿ ಮತ್ತೆ ಮಲಗಿದರು.

ಆ ಮೆಸೇಜ್ ಇಲ್ಲಿ ಹಾಕಿ ನೋಡೋಣ.

ಬೆಣ್ಣೆದೋಸೆ_77 · ಮಂಗಳವಾರ ರಾತ್ರಿ 10:30

ಹಾಕುತ್ತಿದ್ದೇನೆ. ನಗಬೇಡಿ.

‘ಹಾಯ್ ತಮ್ಮ, ಹೇಗಿದ್ದೀಯ? ಬಹಳ ದಿನದಿಂದ ನಿನ್ನ ಹತ್ತಿರ ಮಾತಾಡಬೇಕು ಅಂತ ಇತ್ತು. ಅವತ್ತು ಮದುವೆ ಮನೆ ಗಲಾಟೆಯಲ್ಲಿ ಒಂದು ಸಣ್ಣ ಕನ್‌ಫ್ಯೂಷನ್ ಆಗಿತ್ತು. ಆ ದುಡ್ಡು ಡೆಕೋರೇಷನ್‌ಗೆ ಹೋಗಿತ್ತು ಅಂತ ಈಗ ಗೊತ್ತಾಯ್ತು. ನನಗೂ ಎರಡು ದಿನ ನಿದ್ದೆ ಇರಲಿಲ್ಲ, ನಿನಗೆ ಗೊತ್ತಲ್ಲ. ನಿನಗೆ ಬೇಜಾರಾಗಿದ್ದರೆ ಸಾರಿ ಕಣೋ. ದೊಡ್ಡವರೂ ಸ್ವಲ್ಪ ದುಡುಕಿದರು. ಎಲ್ಲಾ ಮರೆತು ಮೊದಲಿನ ಹಾಗೆ ಇರೋಣ. ಚಿಕ್ಕಪ್ಪ ಚಿಕ್ಕಮ್ಮನಿಗೆ ನಮಸ್ಕಾರ ಹೇಳು.’

ಸುಮ್ನೆ_ಓದುವವಳು · ಮಂಗಳವಾರ ರಾತ್ರಿ 10:44

‘ಸಣ್ಣ’ ತೆಗೆಯಿರಿ. ‘ಆಗಿದ್ದರೆ’ ತೆಗೆಯಿರಿ. ನಿದ್ದೆ ತೆಗೆಯಿರಿ. ದೊಡ್ಡವರು ದುಡುಕಿದ್ದು ಅವರು ಹೇಳಿಕೊಳ್ಳಲಿ. ‘ಎಲ್ಲಾ ಮರೆತು’ ಅಂತ ಹೇಳುವ ಹಕ್ಕು ನಿಮಗಿಲ್ಲ. ಮರೆಯುವುದು ಬಿಡುವುದು ಅವನ ಇಷ್ಟ.

ಖಾರಾಪುಡಿ · ಮಂಗಳವಾರ ರಾತ್ರಿ 10:46

ಎಲ್ಲಾ ತೆಗೆದ ಮೇಲೆ ‘ಹಾಯ್ ತಮ್ಮ’ ಉಳಿಯುತ್ತದೆ. ಅದನ್ನೂ ತೆಗೆಯಿರಿ.

ಬೆಣ್ಣೆದೋಸೆ_77 · ಬುಧವಾರ ರಾತ್ರಿ 12:20

ಇದು ಸರಿ ಇದೆಯಾ?

‘ಆ 15,000 ನಾನೇ ಚೀಲದಿಂದ ತೆಗೆದು ಡೆಕೋರೇಷನ್‌ನವನಿಗೆ ಕೊಟ್ಟೆ. ಬರೆಯಲು ಮರೆತೆ. ಒಂಬತ್ತು ಜನರ ಮುಂದೆ ನಿನ್ನ ಮೇಲೆ ಹೇಳಿದೆ. ನೀನು ಕದ್ದಿರಲಿಲ್ಲ. ಚೀಟಿ ಸಿಕ್ಕಿದೆ. ಚಿಕ್ಕಪ್ಪ ಕೊಟ್ಟ ದುಡ್ಡು ವಾಪಸ್ ತರುತ್ತೇನೆ. ಆ ಒಂಬತ್ತು ಜನಕ್ಕೂ ನಾನೇ ಹೇಳುತ್ತೇನೆ. ನಾನು ಮನೆಗೆ ಬರಬಹುದಾ?’

ನಿವೃತ್ತ_ಮೇಷ್ಟ್ರು · ಬುಧವಾರ ಬೆಳಗ್ಗೆ 5:40

ಕೊಟ್ಟೆ, ಮರೆತೆ, ಹೇಳಿದೆ. ಹೋಗಿ ಬನ್ನಿ.

ಬೆಣ್ಣೆದೋಸೆ_77 · ಹದಿನೆಂಟು ದಿನದ ನಂತರ, ಭಾನುವಾರ ಸಂಜೆ 7:15

ಏನಾಯ್ತು ಅಂತ ಮೂರ್ನಾಲ್ಕು ಜನ ಕೇಳಿದ್ದೀರಿ. ಹೇಳುತ್ತೇನೆ.

ಮೊದಲು ಅಪ್ಪನಿಗೆ ಹೇಳಿದೆ. ಪತ್ರಿಕೆಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. ಬೈಯಲಿಲ್ಲ. “ಅವನು ದುಡ್ಡು ಇಟ್ಟಾಗ ನಾನು ತಗೋಬಾರದಿತ್ತು” ಅಂದರು. ಆಮೇಲೆ ಸ್ನಾನಕ್ಕೆ ಹೋದರು. ನಲ್ಲಿ ಬಹಳ ಹೊತ್ತು ಓಡುತ್ತಿತ್ತು.

ಆ ರೂಮಿನಲ್ಲಿ ಇದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಇದು ಎಲ್ಲಕ್ಕಿಂತ ಕಷ್ಟ ಆಯ್ತು. ಸೋದರಮಾವ “ಹೌದಾ, ಹೋಗ್ಲಿ ಬಿಡು” ಅಂದು ಟೊಮ್ಯಾಟೊ ರೇಟಿನ ಮಾತಿಗೆ ಇಳಿದರು. ದೊಡ್ಡತ್ತೆ “ನಾನು ಅವತ್ತೇ ಅಂದ್ಕೊಂಡಿದ್ದೆ ಕಣೋ, ಆ ಹುಡುಗ ಅಲ್ಲ ಅಂತ” ಅಂದರು. ಇನ್ನಿಬ್ಬರೂ ಅದನ್ನೇ ಅಂದರು. ಅವತ್ತು ರಾತ್ರಿ ಒಬ್ಬರೂ ಬಾಯಿಬಿಟ್ಟಿರಲಿಲ್ಲ. ದೂರುತ್ತಿಲ್ಲ, ಸುಮ್ನೆ ಹೇಳಿದೆ.

ತಮ್ಮನಿಗೆ ಆ ಮೆಸೇಜ್ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ‘ಶನಿವಾರ ಊರಿಗೆ ಬರ್ತೀನಿ’ ಅಂತ ಬಂತು. ಅವನು ಈಗ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಾನೆ.

ನಾನು, ಅಪ್ಪ, ಅಮ್ಮ, ದೊಡ್ಡತ್ತೆ ನಾಲ್ಕು ಜನ ಹೋದೆವು. ಅಮ್ಮ ಬರುವುದಿಲ್ಲ ಅಂದವರು ಕೊನೇ ಗಳಿಗೆಯಲ್ಲಿ ಸೀರೆ ಉಟ್ಟು ಬಂದು ಆಟೋದಲ್ಲಿ ಕೂತರು. ಕೈಯಲ್ಲಿ ಹಣ್ಣಿನ ಚೀಲ. ಮಲೆನಾಡ್_ಮಳೆ ಅವರೇ, ಬಾಳೆಹಣ್ಣೇ.

ಹಾಲ್‌ನಲ್ಲಿ ಎಲ್ಲರೂ ಕೂತರು. ನಾನು ನಿಂತೇ ಹೇಳಿದೆ, ಬರೆದುಕೊಂಡಿದ್ದಷ್ಟೇ. ಧ್ವನಿ ನಡುಗಿತು. ಪತ್ರಿಕೆಯನ್ನು ತಮ್ಮನ ಕೈಗೆ ಕೊಟ್ಟೆ. ಅವನು ಮೊದಲು ಸಹಿ ನೋಡಿದ, ಆಮೇಲೆ ತಾರೀಖು, ಆಮೇಲೆ ತಿರುಗಿಸಿ ಮುಂದಿನ ಗಣಪತಿಯ ಚಿತ್ರ ನೋಡಿದ. “ಅಣ್ಣ, ಇದು ನನ್ನ ಹತ್ರ ಇರಲಿ” ಅಂದ. ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡ. ಪರವಾಗಿಲ್ಲ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಪ್ಪ ಕವರ್‌ನಲ್ಲಿ 15,000 ಕೊಟ್ಟರು. ಚಿಕ್ಕಪ್ಪ ಬೇಡ ಅನ್ನುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಅನ್ನಲಿಲ್ಲ. ಎಣಿಸಿಯೇ ತೆಗೆದುಕೊಂಡರು. “ಆ ತಿಂಗಳು ಚೀಟಿ ಕೂಗಿ ಎತ್ತಿದ್ದೆ, ಮೂರು ಸಾವಿರ ಬಿಟ್ಟು” ಅಂದರು. ಚಿಕ್ಕಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಕಾಫಿಯನ್ನು ತಮ್ಮನ ಕೈಯಲ್ಲಿ ಕಳಿಸಿದರು.

ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನವರೆಗೂ ತಮ್ಮ ಬೈಕಿನಲ್ಲಿ ದೊಡ್ಡತ್ತೆಯನ್ನು ಕೂರಿಸಿಕೊಂಡು ಬಂದ. ನನ್ನ ಹತ್ತಿರ ಮಾತಾಡಲಿಲ್ಲ. ಬಸ್ ಹೊರಡುವವರೆಗೂ ನಿಂತಿದ್ದ.

ಸುಮ್ನೆ_ಓದುವವಳು · ಭಾನುವಾರ ರಾತ್ರಿ 8:30

ಚಿಕ್ಕಮ್ಮ ಹೊರಗೆ ಬರಲಿಲ್ಲ ಅನ್ನುವುದು ಓದಿ ಹೊಟ್ಟೆ ಹಿಂಡಿತು. ಒತ್ತಾಯ ಮಾಡಬೇಡಿ. ಅವರ ಮಗನ ಜೇಬು.

ಕಾರ್ಕಳ_ಕಲ್ಲು · ಭಾನುವಾರ ರಾತ್ರಿ 9:10

ನಾನು ಅಣ್ಣನಿಗೆ ಫೋನ್ ಮಾಡಿದ್ದೆ. ಎತ್ತಲಿಲ್ಲ. ಬುಧವಾರ ಮತ್ತೆ ಮಾಡುತ್ತೇನೆ.

ಖಾರಾಪುಡಿ · ಭಾನುವಾರ ರಾತ್ರಿ 9:25

ಎಲ್ಲಾ ಸರಿ. ಚೀಟಿಯಲ್ಲಿ ಬಿಟ್ಟ ಆ ಮೂರು ಸಾವಿರ ಕೊಟ್ಟಿರಾ?

ಬೆಣ್ಣೆದೋಸೆ_77 · ಭಾನುವಾರ ರಾತ್ರಿ 9:31

ಇಲ್ಲ. ಅದು ತಲೆಗೆ ಹೊಳೆಯಲೇ ಇಲ್ಲ.

ನಾನು ಯೋಚಿಸಲಿಲ್ಲ. ಶನಿವಾರ ಮತ್ತೆ ಹೋಗುತ್ತೇನೆ.